ಕೂಪರ್ ಬ್ಲ್ಯಾಕ್ ಜೊತೆ ಕನ್ನಡಕ್ಕೆ ಯಾವ ಫಾಂಟು?

ಮಸಿಕುಡಿಕೆ: ಟಿಫಿನ್ ಹೋಟೆಲಿನ ಬೋರ್ಡು, 10 ಅಡಿ × 3 ಅಡಿ. ಇಂಗ್ಲಿಷ್ ಹೆಸರು ದಪ್ಪ, ದುಂಡು ಅಂಚಿನ ಫಾಂಟಾದ ಕೂಪರ್ ಬ್ಲ್ಯಾಕ್‌ನಲ್ಲೇ ಬೇಕಂತೆ, ಎಪ್ಪತ್ತರ ದಶಕದ ಲುಕ್ಕು. ಕನ್ನಡದಲ್ಲಿ ‘ಅನ್ನಪೂರ್ಣ ಟಿಫಿನ್ಸ್’. ಯಾವುದಾದರೂ ಫಾಂಟಿಗೆ 10 ಮಿ.ಮೀ. ಸ್ಟ್ರೋಕ್ (ಅಂಚಿನ ಗೆರೆ) ಕೊಟ್ಟು ದಪ್ಪ ಮಾಡಿದರೆ ಸಾಕಲ್ಲವಾ?

ತಲೆಕಟ್ಟು: ಖಂಡಿತ ಬೇಡ. 10 ಮಿ.ಮೀ. ಅಂದರೆ 5 ಹೊರಗೆ, 5 ಒಳಗೆ. ‘ಣ’ದ ಹೊಟ್ಟೆ ಎರಡೂ ಕಡೆಯಿಂದ ಸೇರಿ 10 ಮಿ.ಮೀ. ಕಿರಿದಾಗುತ್ತೆ. ‘ನ್ನ’ದಲ್ಲಿ ಒತ್ತಿಗೂ ಮೇಲಿನ ಅಕ್ಷರಕ್ಕೂ ಇರೋ ಸಂದೂ ಅಷ್ಟೇ ಮುಚ್ಚುತ್ತೆ, ರಸ್ತೆ ಆಚೆಯಿಂದ ಬರೀ ಮುದ್ದೆ. ದಪ್ಪವಾಗಿಯೇ ಬರೆದ ಫಾಂಟು ತಗೊಳ್ಳಿ. ಮುಂಬೈನ ಫಾಂಟು ತಯಾರಕರಾದ ಏಕ್ ಟೈಪ್‌ನವರ ಬಾಲೂ ತಮ್ಮ 2 ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ತೂಕ (ಗೆರೆಯ ದಪ್ಪ) 400ರಿಂದ 800. ಬೋರ್ಡಿಗೆ 800.

ಕುಂಚ_ಬಣ್ಣ: ಬಾಲೂ ಒಳ್ಳೇದೇ, ಆದರೆ ಕೂಪರ್‌ಗೆ ಜೋಡಿ ಅಲ್ಲ. ಷಿಕಾಗೋದ ಆಸ್ವಾಲ್ಡ್ ಕೂಪರ್ 1922ರಲ್ಲಿ ಮಾಡಿದ್ದು ಊದಿಕೊಂಡ ಸೆರಿಫ್‌ನ (ಗೆರೆ ತುದಿಯ ಚಾಚು) ಅಕ್ಷರ, ದಪ್ಪ-ತೆಳು ಏರಿಳಿತ ಇದೆ. ಬಾಲೂದಲ್ಲಿ ಗೆರೆ ಹೆಚ್ಚುಕಮ್ಮಿ ಒಂದೇ ದಪ್ಪ. ಅಷ್ಟಕ್ಕೂ ಕನ್ನಡದ ಎಪ್ಪತ್ತರ ದಶಕ ಅಂದರೆ ಕುಂಚದ ಬರಹ ಸ್ವಾಮಿ. ಬೋರ್ಡ್ ಬರೆಯೋರ ಹತ್ತಿರ ಒಂದೇ ಸಾಲು ಬರೆಸಿ, 600 ಡಿಪಿಐಗೆ ಸ್ಕ್ಯಾನ್ ಮಾಡಿ ಟ್ರೇಸ್ ಮಾಡಿ.

ತಲೆಕಟ್ಟು: ನಾಳೆ ಅದೇ ಅಕ್ಷರದಲ್ಲಿ ಮೆನು, ಪಾರ್ಸೆಲ್ ಕವರ್ ಬೇಕು ಅಂದರೆ? ಪ್ರತಿ ಸಲ ಬರೆಸೋಕಾಗುತ್ತಾ? ಕೂಪರ್‌ನ ಮಜಾ ಇರೋದು ಸೆರಿಫ್‌ಗಿಂತ ಮೆತ್ತಗಿನ ಅಂಚುಗಳಲ್ಲಿ, ಅದು ಬಾಲೂದಲ್ಲೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಬ್ಲರ್ ಮಾಡಿ ನೋಡಿ. ಕಪ್ಪು ಒಂದೇ ಸಮ ಕಾಣೋವರೆಗೆ ಇಂಗ್ಲಿಷಿನ ಸೈಜು ಇಳಿಸಿ. ಹೇಗಿದ್ದರೂ ಕರ್ನಾಟಕದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ ಕನ್ನಡ ಶೇ. 60 ಇರಬೇಕು, ಅದೂ ಮೇಲರ್ಧದಲ್ಲಿ.

ಪ್ಲಾಟರ್_ಅಣ್ಣ: ಮೇಲರ್ಧ ಅಂದರೆ ಒತ್ತುಗಳು ಕೆಳಗಿನ ಇಂಗ್ಲಿಷಿಗೆ ಗುದ್ದುತ್ತವೆ. ಈ ಹೆಸರಿನಲ್ಲಿ ಒತ್ತು ಇರೋದು ‘ನ್ನ’ ಮತ್ತು ‘ನ್ಸ್’ ಎರಡೇ ಕಡೆ. ಮಧ್ಯದ ‘ಪೂರ್ಣ ಟಿ’ ಕೆಳಗೆ ಜಾಗ ಖಾಲಿ. ಇಂಗ್ಲಿಷನ್ನ ಅಲ್ಲಿಗೇ ಕೂರಿಸಿ, ಸಾಲಿನ ಅಂತರ ಹಿಗ್ಗಿಸಬೇಡಿ.

ಕಟಿಂಗಿಗೆ ಕೊಡೋ ಮುಂಚೆ ಔಟ್‌ಲೈನ್ ಮಾಡಿ, ಆಕಾರಗಳು ಒಂದಾಗೋಕೆ ಇಲ್ಲಸ್ಟ್ರೇಟರ್‌ನಲ್ಲಿ ಯುನೈಟ್ ಒತ್ತಿ, ಕೋರಲ್‌ನಲ್ಲಾದರೆ ವೆಲ್ಡ್. ವೇರಿಯಬಲ್ (ಒಂದೇ ಫೈಲಿನಲ್ಲಿ ದಪ್ಪ ಬದಲಿಸಬಹುದಾದ) ಫಾಂಟಿನಲ್ಲಿ ಗೆರೆಗಳು ಒಂದರ ಮೇಲೊಂದು ಹಾಯ್ದಿದ್ದರೆ ಪ್ಲಾಟರ್ (ಕತ್ತರಿಸೋ ಯಂತ್ರ) ಅಕ್ಷರದ ಒಳಗೂ ಕೊಯ್ಯುತ್ತೆ. ಎಲ್ಇಡಿ ಅಕ್ಷರವಾದರೆ, ತಾಗದ ಒತ್ತು ಬೇರೆ ತುಂಡು: ಅದಕ್ಕೆ ಬೇರೆ ದೀಪದ ಮಾಡ್ಯೂಲು, ಬೇರೆ ವೈರು. ಕೊಟೇಶನ್ ಕೊಡುವಾಗ ಒತ್ತುಗಳನ್ನೂ ಎಣಿಸಿ.

ಮಸಿಕುಡಿಕೆ: ಇಲ್ಲಸ್ಟ್ರೇಟರ್‌ನಲ್ಲಿ ‘ನ್ನ’ ಒತ್ತಾಗದೆ ಬಿಡಿಬಿಡಿಯಾಗಿ ‘ನ್‌ನ’ ಅಂತ ಬರ್ತಿದೆ. ಫಾಂಟೇ ಕೆಟ್ಟಿದೆಯಾ?

ತಲೆಕಟ್ಟು: ಫಾಂಟ್ ಸರಿಯಾಗಿದೆ. ಪ್ರಿಫರೆನ್ಸಸ್‌ನ ಟೈಪ್‌ನಲ್ಲಿ ಇಂಡಿಕ್ ಆಯ್ಕೆ ಆನ್ ಮಾಡಿ, ಪ್ಯಾರಾಗ್ರಾಫ್ ಮೆನುವಿನಲ್ಲಿ ಸೌತ್ ಏಷ್ಯನ್ ಕಂಪೋಸರ್ ಹಾಕಿ. ಹಳೇ ‘ನುಡಿ’ ತಂತ್ರಾಂಶದ ಫೈಲಿನಿಂದ ಪೇಸ್ಟ್ ಮಾಡೋದಿದ್ದರೆ ಮೊದಲು ಯೂನಿಕೋಡಿಗೆ ಬದಲಿಸಿ.

ಕುಂಚ_ಬಣ್ಣ: ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) ಸೊನ್ನೆಯಲ್ಲೇ ಬಿಡಿ. ರೆಟ್ರೋ ಅಂತ ಬಿಗಿ ಮಾಡಿದರೆ ‘ರ್ಣ’ದ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಡಿಕ್ಕಿ. ನೆರಳು ಕೊಡೋದಾದರೆ ಒತ್ತಿನ ಸಂದಿಯ ಅರ್ಧ ಮೀರದಷ್ಟು. ಆದರೂ ನನ್ನ ವೋಟು ಕುಂಚಕ್ಕೇ.