ಆಕ್ಸೊಲಾಟಲ್ ತಿನ್ನುತ್ತಿಲ್ಲ, ಬಾಲ ಕೊಕ್ಕೆಯಾಗಿದೆ: ಸುರಂಗದ ನೀರು, 29 ಡಿಗ್ರಿ

ಪೆರ್ಲ, ಪ್ರಶ್ನೆ:
120 ಲೀಟರ್ ತೊಟ್ಟಿ, 22 ಸೆಂ.ಮೀ. ಉದ್ದದ ಆಕ್ಸೊಲಾಟಲ್ (ನೀರಿನಲ್ಲೇ ಬದುಕುವ ಸಾಲಮಾಂಡರ್ ಜಾತಿಯ ಉಭಯವಾಸಿ) ಒಂದು. ತೊಟ್ಟಿಗೆ ಐದು ವಾರ. ನೀರು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ್ದು. ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕಡಿಮೆಯಾದರೆ ಹುಳಿ) 5.8, ಅಮೋನಿಯ 2 ಪಿಪಿಎಂ, ನೈಟ್ರೈಟ್, ನೈಟ್ರೇಟ್ ಎರಡೂ ಸೊನ್ನೆ. ನಾಲ್ಕು ದಿನದಿಂದ ಎರೆಹುಳ ಬಾಯಿಗೆ ತೆಗೆದುಕೊಂಡು ಉಗುಳುತ್ತದೆ. ಕಿವಿರು ಮುಂದಕ್ಕೆ ಬಾಗಿದೆ, ಒಂದರ ತುದಿಯಲ್ಲಿ ಹತ್ತಿಯಂಥ ಬಿಳಿ ಉಂಟು. ಪಿಎಚ್ ಏರಿಸಲು ಮರುವಾಯಿ ಚಿಪ್ಪು (ಕಪ್ಪೆಚಿಪ್ಪು) ಹಾಕಬಹುದಾ?

ಕುಂಬಳೆ, ಉತ್ತರ:
ಈಗ ಚಿಪ್ಪು ಹಾಕಲೇಬೇಡಿ. ಹುಳಿ ನೀರಿನಲ್ಲಿ ಅಮೋನಿಯದ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅಷ್ಟು ವಿಷವಲ್ಲ. ಪಿಎಚ್ ಒಂದು ಅಂಕ ಏರಿದರೆ ವಿಷದ ಭಾಗ ಸುಮಾರು ಹತ್ತು ಪಟ್ಟಾಗುತ್ತದೆ. ಒಳ್ಳೆಯದಾಗಲೆಂದು ಹಾಕಿದ ಚಿಪ್ಪೇ ಪ್ರಾಣಿಯನ್ನು ಕೊಲ್ಲಬಹುದು.

ಮೊದಲು ಪ್ರಾಣಿಯನ್ನು ಹೊರಗೆ ತೆಗೆಯಿರಿ. ಮೀನಿನ ಥರ್ಮಾಕೋಲ್ ಪೆಟ್ಟಿಗೆಯನ್ನು ವಾಸನೆ ಹೋಗುವ ತನಕ ತೊಳೆದು 20 ಲೀಟರ್ ನೀರು ತುಂಬಿಸಿ. ಸುರಂಗದ ನೀರಿಗೆ ಕ್ಲೋರಿನ್ ಭಯವಿಲ್ಲ, ಆದರೆ ಕರಗಿದ ಇಂಗಾಲಾಮ್ಲ ಇರುತ್ತದೆ. ಒಂದು ರಾತ್ರಿ ಏರ್ ಪಂಪ್ ಬಿಟ್ಟು ಬೆಳಿಗ್ಗೆ ಪಿಎಚ್ ನೋಡಿ, ಅದೇ ನಿಜವಾದ ಅಂಕ. ಪೆಟ್ಟಿಗೆಯ ನೀರನ್ನು ದಿನಕ್ಕೊಮ್ಮೆ ಪೂರ್ತಿ ಬದಲಿಸಿ. ಹೆಪ್ಪುಗಟ್ಟಿದ ನೀರಿನ ಬಾಟಲಿ ಇಟ್ಟು ನಿಧಾನವಾಗಿ 18 ಡಿಗ್ರಿಗೆ ಇಳಿಸಿ, ಒಂದೇ ಸಲ ಬೇಡ.

ಬಿಳಿ ಬೂಸ್ಟಿಗೆ ಅಯೋಡಿನ್ ಇಲ್ಲದ ಕಲ್ಲುಪ್ಪು, ಲೀಟರಿಗೆ 10 ಗ್ರಾಂ, ಬೇರೆ ಪಾತ್ರೆಯಲ್ಲಿ. ದಿನಕ್ಕೆರಡು ಸಲ, ಹತ್ತು ನಿಮಿಷ. ಗಡಿಯಾರ ನೋಡಿಕೊಂಡೇ ಮಾಡಿ, ಹೆಚ್ಚಾದರೆ ಕಿವಿರು ಸುಡುತ್ತದೆ.

ಇನ್ನು ತೊಟ್ಟಿ. ನೈಟ್ರೈಟೂ ಇಲ್ಲ, ನೈಟ್ರೇಟೂ ಇಲ್ಲ ಎಂದರೆ ಅಮೋನಿಯವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಹಿಡಿದೇ ಇಲ್ಲ. ಅವಕ್ಕೆ ಬೈಕಾರ್ಬನೇಟ್ ಬೇಕು, ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೀರಿನಲ್ಲಿ ಅದು ಬಹಳ ಕಡಿಮೆ. ಪ್ರಾಣಿ ಹೊರಗಿದ್ದಾಗ ಅಡುಗೆ ಸೋಡಾ ಹಾಕಿ: 100 ಲೀಟರಿಗೆ 3 ಗ್ರಾಂ ಹಾಕಿದರೆ ಕಾರ್ಬನೇಟ್ ಗಡಸುತನ ಒಂದು ಜರ್ಮನ್ ಡಿಗ್ರಿ ಏರುತ್ತದೆ. ಗಡಸುತನವನ್ನು 4 ಡಿಗ್ರಿಗೆ ತನ್ನಿ. ಚಿಪ್ಪನ್ನು ಆಮೇಲೆ, ಕುದಿಸಿ, ಫಿಲ್ಟರ್ ಬದಿಯಲ್ಲಿ ಚೀಲ ಕಟ್ಟಿ ಇಡಿ. 2 ಪಿಪಿಎಂ ಅಮೋನಿಯ 24 ಗಂಟೆಯಲ್ಲಿ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆಯಾದ ಮೇಲೆಯೇ ಪ್ರಾಣಿಯನ್ನು ಮರಳಿ ಬಿಡಿ. ಬಿಡುವ ಮುಂಚಿನ ಒಂದು ವಾರ ಪೆಟ್ಟಿಗೆಯ ನೀರನ್ನೂ ದಿನಕ್ಕೊಂದು ಡಿಗ್ರಿಯಂತೆ ಅದೇ ಗಡಸುತನಕ್ಕೆ ತನ್ನಿ.

ಪೆರ್ಲ:
ತಂಪಿಗೆ ಚಿಲ್ಲರ್ (ನೀರು ತಣಿಸುವ ಯಂತ್ರ) ಬೇಕೇ ಬೇಕಾ? ಫ್ಯಾನ್ ಇಟ್ಟರೆ ಸಾಲದಾ?

ಬದಿಯಡ್ಕ:
ಸಾಲದು. ಫ್ಯಾನ್ ತಂಪು ಮಾಡುವುದು ನೀರು ಆವಿಯಾಗುವುದರಿಂದ, ಕರಾವಳಿಯ ತೇವದ ಗಾಳಿಯಲ್ಲಿ ಒಂದೆರಡು ಡಿಗ್ರಿಗಿಂತ ಇಳಿಯುವುದು ಕಷ್ಟ. ಇದು ಮೆಕ್ಸಿಕೋದ ಸೊಚಿಮಿಲ್ಕೊ ಸರೋವರದ ಪ್ರಾಣಿ. 16ರಿಂದ 18 ಡಿಗ್ರಿ ಬೇಕು, 24 ದಾಟಿದರೆ ಅಪಾಯ. ಈ ಗಾತ್ರಕ್ಕೆ 1/10 ಅಶ್ವಶಕ್ತಿಯ ಚಿಲ್ಲರ್ ನೋಡಿ, ಹೊರಬರುವ ನೀರನ್ನು ಗಾಜಿನ ಕಡೆ ತಿರುಗಿಸಿ. ರಭಸಕ್ಕೂ ಕಿವಿರು ಮುಂದಕ್ಕೆ ಬಾಗುತ್ತದೆ.

ಎರೆಹುಳ ಎಲ್ಲಿಯದು? ಮದ್ದು ಬಿಟ್ಟ ಅಡಿಕೆ ತೋಟದ್ದಾದರೆ ಬೇಡ. ಬೋರ್ಡೋ ದ್ರಾವಣದ ಮೈಲುತುತ್ತಿನಲ್ಲಿರುವ ತಾಮ್ರ ಇವಕ್ಕೆ ವಿಷ. ಬಾಯಿಗೆ ಹಿಡಿಸುವಂಥ ಕಲ್ಲುಗಳಿದ್ದರೆ ಅವನ್ನೂ ತೆಗೆಯಿರಿ, ನುಂಗಿದರೆ ಹೊಟ್ಟೆ ಕಟ್ಟುತ್ತದೆ.

ಮತ್ತೆ, ಇದು ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯ ಪ್ರಾಣಿ. 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಣಿ ಆಗಬೇಕು. ಮಾಡಿಸಿದ್ದೀರಾ?