ತಮ್ಮನ ಕಬಡ್ಡಿ ಮತ್ತು ಮಾವನ ಪುಡಿ ಡಬ್ಬ

ಮಾವ: ನಮ್ಮ ಮನೆಯವರ ಈ ಗುಂಪಿನಲ್ಲಿ ಮೇಲೆ ಹಾಕಿರುವ ಪುಡಿಯ ವಿಡಿಯೊವನ್ನು ಎಲ್ಲರೂ ನೋಡಿ. ಈ ಪುಡಿಯನ್ನು ಆಟಕ್ಕೆ ಅರ್ಧ ಗಂಟೆ ಮೊದಲು ಕುಡಿದರೆ ಹತ್ತನೆಯ ರೈಡಿನಲ್ಲೂ ಮೊದಲನೆಯ ರೈಡಿನ ಕಸುವೇ ಇರುತ್ತದೆಯಂತೆ. ಕಬಡ್ಡಿ ಆಡುವ ನಮ್ಮ ಹುಡುಗನಿಗೆ ಒಂದು ಡಬ್ಬ ತರಿಸಿ ಕೊಟ್ಟಿದ್ದೇನೆ.

ಅಮ್ಮ: ಇಂಥವುಗಳಿಂದ ಮೂತ್ರಪಿಂಡ ಹಾಳಾಗುತ್ತದೆ ಎಂದು ಕೇಳಿದ್ದೇನೆ. ಮುದ್ದೆ, ಬೇಳೆ, ಹಾಲು ಸಾಲದೇ?

ತಮ್ಮ: ನಿನ್ನೆ ಒಂದು ಚಮಚ ಕುಡಿದೆ. ಹತ್ತೇ ನಿಮಿಷದಲ್ಲಿ ಕಿವಿಯೂ ಬೆರಳ ತುದಿಗಳೂ ಜುಮುಗುಟ್ಟಿದವು. ಕೆಲಸ ಮಾಡುತ್ತಿದೆ ಎಂದುಕೊಂಡೆ.

ನಾನು: ಅದು ಇಂಥ ಪುಡಿಗಳಲ್ಲಿ ಬೆರೆಸುವ ಬೀಟಾ ಅಲನೈನ್ ಎಂಬ ಅಮೈನೊ ಆಮ್ಲದಿಂದ ಚರ್ಮದಲ್ಲಿ ಏಳುವ ಜುಮುಗು, ಸ್ನಾಯುವಿಗೆ ಬಂದ ಬಲವಲ್ಲ. ಅದರ ಫಲ ಸಿಗಬೇಕಾದರೆ ದಿನವೂ ಮೂರು ಗ್ರಾಂಗಿಂತ ಹೆಚ್ಚು, ಕನಿಷ್ಠ ನಾಲ್ಕು ವಾರ ತೆಗೆದುಕೊಳ್ಳಬೇಕು. ಆಗಲೂ ಅದು ಹೆಚ್ಚಾಗಿ ಒದಗುವುದು ಒಂದರಿಂದ ನಾಲ್ಕು ನಿಮಿಷ ಬಿಡದೆ ದುಡಿಯುವ ಆಟಗಳಿಗೆ. ನಿನ್ನ ರೈಡಿಗಿರುವುದು 30 ಸೆಕೆಂಡು.

ಮಾವ, ನೀವು ಅಕ್ಕರೆಯಿಂದ ತರಿಸಿದ್ದೀರಿ, ವಿಡಿಯೊದಲ್ಲಿ ಒಂದು ನಿಜವೂ ಇದೆ, ಅದು ಕ್ರಿಯಾಟಿನ್, ನಮ್ಮ ಸ್ನಾಯುಗಳಲ್ಲಿ ಸಹಜವಾಗಿಯೇ ಇರುವ ಒಂದು ವಸ್ತು. ಆರು ಸೆಕೆಂಡು ಪೂರ್ತಿ ಬಲದಿಂದ ನುಗ್ಗುವಾಗ ಬೇಕಾಗುವ ಶಕ್ತಿಯ ಹೆಚ್ಚುಕಡಿಮೆ ಅರ್ಧವನ್ನು ಅದರದೇ ಒಂದು ರೂಪವಾಗಿ ಸ್ನಾಯುವಿನಲ್ಲಿ ಕೂಡಿಟ್ಟಿರುವ ಫಾಸ್ಫೊಕ್ರಿಯಾಟಿನ್ ಒದಗಿಸುತ್ತದೆ. ಆ ದಾಸ್ತಾನು ಬೇಗ ಕರಗುತ್ತದೆ, ಪೂರ್ತಿ ತುಂಬಿಕೊಳ್ಳಲು ಕೆಲವು ನಿಮಿಷಗಳೇ ಬೇಕು. ಆದ್ದರಿಂದ ಚಿಕ್ಕ ಬಿಡುವಿನಲ್ಲಿ ಮತ್ತೆ ಮತ್ತೆ ನುಗ್ಗುವವರಿಗೆ ಕ್ರಿಯಾಟಿನ್ ಸ್ವಲ್ಪ ನೆರವಾಗಬಲ್ಲದು, ಆದರೆ ಅರ್ಧ ಗಂಟೆಯಲ್ಲಿ ಅಲ್ಲ. ಪ್ರತಿ ಬಾರಿ 5 ಗ್ರಾಂನಂತೆ ದಿನಕ್ಕೆ ನಾಲ್ಕರಿಂದ ಆರು ಬಾರಿ ಕೊಟ್ಟರೆ ಕೆಲವೇ ದಿನಗಳಲ್ಲಿ ಸ್ನಾಯುವಿನ ಕ್ರಿಯಾಟಿನ್ ಏರುವುದನ್ನು ಹ್ಯಾರಿಸ್ ಮತ್ತು ಹಲ್ಟ್‌ಮನ್ ಎಂಬ ಸಂಶೋಧಕರ ತಂಡ 1992ರಲ್ಲಿ ತೋರಿಸಿತು. ದಿನಕ್ಕೆ 3 ಗ್ರಾಂ ಮಾತ್ರ ತೆಗೆದುಕೊಂಡರೂ ಸುಮಾರು ನಾಲ್ಕು ವಾರದಲ್ಲಿ ಅದೇ ಮಟ್ಟ ಮುಟ್ಟುತ್ತದೆ. ಜೊತೆಗೆ ಒಂದು ಕಿಲೋದಷ್ಟು ನೀರಿನ ತೂಕ ಸೇರಬಹುದು. ತೂಕದ ಮಿತಿಯಿರುವ ಪಂದ್ಯಗಳಲ್ಲಿ ಇದನ್ನು ಮರೆಯಬಾರದು.

ಅಮ್ಮ, ಮುದ್ದೆ ಬೇಳೆ ಬಿಡುವ ಮಾತೇ ಇಲ್ಲ, ಆದರೆ ಕ್ರಿಯಾಟಿನ್ ಮುಖ್ಯವಾಗಿ ಇರುವುದು ಮಾಂಸ ಮೀನುಗಳಲ್ಲಿ. ನಮ್ಮಂತೆ ಅವನ್ನು ತಿನ್ನದವರ ಸ್ನಾಯುವಿನಲ್ಲಿ ಅದು ಕಡಿಮೆಯೇ ಇರುತ್ತದೆ. ಮೂತ್ರಪಿಂಡದ ಭಯ ಹುಟ್ಟಿದ್ದು, ಇದನ್ನು ತೆಗೆದುಕೊಂಡಾಗ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡದ ಸ್ಥಿತಿ ತಿಳಿಯಲು ಅಳೆಯುವ, ಕ್ರಿಯಾಟಿನ್‌ನಿಂದಲೇ ಹುಟ್ಟುವ ತ್ಯಾಜ್ಯ, ತುಸು ಏರಿ ಕಾಣುವುದರಿಂದ. ಆರೋಗ್ಯವಂತ ವಯಸ್ಕರಲ್ಲಿ ಈ ಪ್ರಮಾಣದಿಂದ ಹಾನಿ ಕಂಡುಬಂದಿಲ್ಲ. ಮೊದಲೇ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು.

ಚಿಕ್ಕಪ್ಪ: ಹಾಗಾದರೆ ಕುಡಿಯಲಿ ಬಿಡಿ. ಇದು ನಿಷೇಧಿತ ಮದ್ದೇನೂ ಅಲ್ಲವಲ್ಲ?

ನಾನು: ಕ್ರಿಯಾಟಿನ್ ನಿಷೇಧಿತ ಪಟ್ಟಿಯಲ್ಲಿ ಇಲ್ಲ. ನನ್ನನ್ನು ಕಾಡುತ್ತಿರುವುದು ಆ ಡಬ್ಬ. ಹತ್ತು ಬಗೆ ಬೆರೆಸಿದ ಪುಡಿಗಳಲ್ಲಿ ಲೇಬಲ್‌ನಲ್ಲಿ ಇಲ್ಲದ ಉತ್ತೇಜಕಗಳು ಸಿಕ್ಕಿರುವುದುಂಟು, ಮತ್ತು ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹೊಣೆ ಆಟಗಾರನದೇ ಎಂಬುದು ನಿಯಮ; ಗೊತ್ತಿಲ್ಲದೆ ಕುಡಿದೆ ಎಂದರೂ ವರ್ಷಗಟ್ಟಲೆ ಆಟ ಹೋಗಬಹುದು. ತಮ್ಮಾ, ಹಿಂಬದಿಯ ಲೇಬಲ್‌ನ ಫೋಟೊ ಹಾಕು.

ತಮ್ಮ: ಹಾಕಿದ್ದೇನೆ. ಹನ್ನೊಂದು ಹೆಸರುಗಳಿವೆ, ಯಾವುದು ಎಷ್ಟು ಎಂದು ಬರೆದಿಲ್ಲ. ಕೆಳಗೆ ಒಟ್ಟು 8 ಗ್ರಾಂ ಎಂದಷ್ಟೇ ಇದೆ.

ಮಾವ: ನಾನು ಹಿಂಬದಿ ನೋಡಿಯೇ ಇರಲಿಲ್ಲ. ಹೋದ ಹಣ ಹೋಗಲಿ, ನಾಳೆಯಿಂದ ಅದನ್ನು ಮುಟ್ಟಬೇಡ.