ಮಡಚಿದ ಕಲ್ಲನ್ನೇ ಮತ್ತೆ ಮಡಚಿದಂತೆ ಕಾಣುತ್ತಿದೆ: ಕೆಮ್ಮಣ್ಣುಗುಂಡಿ ದಾರಿಯ ಬಂಡೆ

ತರೀಕೆರೆ ಮೇಷ್ಟ್ರು

ನಮಸ್ಕಾರ. ಹೋದ ಭಾನುವಾರ ಹೈಸ್ಕೂಲ್ ಮಕ್ಕಳನ್ನು ಕರೆದುಕೊಂಡು ಕೆಮ್ಮಣ್ಣುಗುಂಡಿಗೆ ಹೋಗಿದ್ದೆ. ರಸ್ತೆಗಾಗಿ ಕಡಿದ ಗುಡ್ಡದಲ್ಲಿ ಒಂದು ಬಂಡೆ ಸಿಕ್ಕಿತು, ಫೋಟೋ ಹಾಕಿದ್ದೇನೆ. ಕಪ್ಪು, ಕೆಂಪು, ಬಿಳಿ ಗೆರೆಗಳು. ಕೆಲವು ಬೆರಳಿನಷ್ಟು ದಪ್ಪ, ಕೆಲವು ದಾರದಷ್ಟು ಸಣ್ಣ. ಕಬ್ಬಿಣದ ಕಲ್ಲು ಅಂತ ಗೊತ್ತು. ಭದ್ರಾವತಿ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದೇ ಇಲ್ಲಿಂದ. ಆದರೆ ಗೆರೆಗಳು ಕೊಡೆಯ ಹಿಡಿಯ ಹಾಗೆ ಬಾಗಿವೆ. ಆ ಹಿಡಿಯ ತುದಿಯಲ್ಲಿ ಒಂದೇ ಗೆರೆ ಹೇರ್‌ಪಿನ್ ತರಹ ತಿರುಗಿ ವಾಪಸ್ ಬರುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದಳು: "ಸಾರ್, ಮಡಚಿದ್ದನ್ನೇ ಮತ್ತೆ ಮಡಚಿದ ಹಾಗಿದೆಯಲ್ಲ, ಕಲ್ಲನ್ನು ಎರಡು ಸಲ ಮಡಚೋಕಾಗುತ್ತಾ?" ಆಗ ಉತ್ತರ ಹೊಳೆಯಲಿಲ್ಲ. ಅವಳಿಗೆ ಸರಿಯಾಗಿ ಹೇಳಬೇಕು. ಇನ್ನೊಂದು ಪ್ರಶ್ನೆ: ಈ ಬೆಟ್ಟದ ಸಾಲೇ ಅರ್ಧಚಂದ್ರದಂತಿದೆ, ಅದಕ್ಕೇ ಚಂದ್ರದ್ರೋಣ ಅನ್ನುತ್ತಾರೆ. ಅದೂ ಇಂಥದ್ದೇ ಮಡಿಕೆಯಾ?

ಕಲ್ಲುಗೆರೆ

ಮೇಷ್ಟ್ರೇ, ಆ ಹುಡುಗಿ ನೋಡಿದ್ದು ಸರಿ. ಎಂಎಸ್ಸಿ ಮಾಡುವಾಗ ಎರಡು ಬೇಸಿಗೆ ಈ ಸಾಲಿನಲ್ಲಿ ಕಲ್ಲುಗಳ ಮ್ಯಾಪಿಂಗ್ ಮಾಡಿದ್ದೇನೆ. ಇಂಥ ಕೊಕ್ಕೆ ಮೊದಲ ಸಲ ಕಂಡಾಗ ಅರ್ಧ ದಿನ ಅದರ ಮುಂದೆಯೇ ಕೂತಿದ್ದೆ.

ಇವತ್ತಿನ ಪೇಪರ್ ತೆಗೆದುಕೊಳ್ಳಿ. ನಡುವೆ ಒಂದು ಸಲ ಪೂರ್ತಿ ಮಡಚಿ, ಎರಡೂ ಭಾಗ ಅಂಟಿಕೊಳ್ಳುವಂತೆ ಒತ್ತಿ. ಇದು ಮೊದಲ ಮಡಿಕೆ. ನಾವು ಎಫ್1 ಅನ್ನುತ್ತೇವೆ, ಎಫ್ ಅಂದರೆ ಫೋಲ್ಡ್, ಮಡಿಕೆ. ಈಗ ಆ ಜೋಡಿ ಹಾಳೆಯನ್ನು ಅದೇ ದಿಕ್ಕಿನಲ್ಲಿ, ಅಂದರೆ ಮೊದಲ ಮಡಿಕೆಯ ಗೆರೆಗೆ ಸಮಾನಾಂತರವಾಗಿ, ಮತ್ತೆ ಬಾಗಿಸಿ. ಅಂಚಿನ ಕಡೆಯಿಂದ ನೋಡಿ. ನಿಮ್ಮ ಕೊಡೆಯ ಹಿಡಿ ಅಲ್ಲೇ ಇದೆ, ಹೇರ್‌ಪಿನ್ ಕೂಡ ಇದೆ. ಇದು ಎಫ್2. ಕೊನೆಗೆ ಅಡ್ಡಡ್ಡ, ಮೆಲ್ಲಗೆ, ಸ್ವಲ್ಪವೇ ಬಾಗಿಸಿ. ಮಡಿಕೆಯ ಬೆನ್ನು ಏರಿಳಿಯುತ್ತದೆ, ಅಲ್ವಾ? ಅದು ಎಫ್3. ಧಾರವಾಡ ಶಿಲೆಗಳಲ್ಲಿ, ಅಂದರೆ ಈ ಸಾಲೂ ಸೇರಿದ ಕರ್ನಾಟಕದ ಬಹಳ ಹಳೆಯ ಕಲ್ಲುಗಳಲ್ಲಿ, ಹೆಚ್ಚುಕಮ್ಮಿ ಇದೇ ಕ್ರಮ ಕಾಣುತ್ತದೆ. ಮೊದಲು ತೀರಾ ಬಿಗಿಯಾದ ಮಡಿಕೆ. ಆಮೇಲೆ ಉತ್ತರ-ದಕ್ಷಿಣಕ್ಕೆ ಸಾಗುವ ನೆಟ್ಟನೆಯ ಮಡಿಕೆ. ಕೊನೆಗೆ ಪೂರ್ವ-ಪಶ್ಚಿಮದ ಸಡಿಲ ಅಲೆ.

ಕಲ್ಲು ಒಡೆಯದೆ ಬಾಗುವುದು ಹೇಗೆ ಅಂತ ಮಕ್ಕಳು ಖಂಡಿತ ಕೇಳುತ್ತಾರೆ. ಆಗ ಅದು ಬೆಟ್ಟದ ಮೇಲಿರಲಿಲ್ಲ. ಹಲವು ಕಿಲೋಮೀಟರ್ ಆಳದಲ್ಲಿತ್ತು. ಅಲ್ಲಿ 300-400 ಡಿಗ್ರಿ ಶಾಖ, ಮೇಲಿನ ಕಲ್ಲಿನ ಭಾರ, ಪಕ್ಕದಿಂದ ಒತ್ತಡ. ಜೊತೆಗೆ ಲಕ್ಷಾಂತರ ವರ್ಷದ ನಿಧಾನ. ಬೆಣಚುಕಲ್ಲಿನ ಪಟ್ಟೆ ಗಟ್ಟಿ, ಅದಕ್ಕೆ ದೊಡ್ಡ ದೊಡ್ಡ ಸುಕ್ಕು ಬೀಳುತ್ತದೆ. ತೆಳು ಪಟ್ಟೆಗೆ ಸಣ್ಣ ಸುಕ್ಕು. ಪದರ ದಪ್ಪವಾದಷ್ಟೂ ಸುಕ್ಕಿನ ಅಗಲ ಜಾಸ್ತಿ. ನಿಮ್ಮ ಫೋಟೋದಲ್ಲೇ ಅಳೆದು ನೋಡಬಹುದು.

ಈ ಗೆರೆಗಳು ಸಮುದ್ರದ ತಳದಲ್ಲಿ ಕೂತ ಕೆಸರು. ಇವುಗಳ ನಡುವೆ ಜ್ವಾಲಾಮುಖಿಯ ಬೂದಿಯ ಪದರವೂ ಸಿಕ್ಕಿದೆ. ಅದರಲ್ಲಿನ ಜಿರ್ಕಾನ್ ಹರಳುಗಳ ವಯಸ್ಸು ಸುಮಾರು 272 ಕೋಟಿ ವರ್ಷ. ಮಡಿಕೆ ಬಿದ್ದದ್ದು ಅದಾದ ಮೇಲೆ. ಹಿಮಾಲಯ ಏಳಲು ಶುರುವಾಗಿ ಸುಮಾರು 5 ಕೋಟಿ ವರ್ಷ ಆಗಿದೆ ಅಷ್ಟೆ.

ಚಂದ್ರದ್ರೋಣದ ವಿಷಯದಲ್ಲಿ ಅವಸರ ಬೇಡ. ಬೆಟ್ಟದ ಆಕಾರ ಬೇರೆ, ಮಡಿಕೆಯ ಆಕಾರ ಬೇರೆ. ಕಬ್ಬಿಣದ ಪಟ್ಟೆಕಲ್ಲು ಗಟ್ಟಿ, ಬೇಗ ಸವೆಯುವುದಿಲ್ಲ. ಆದ್ದರಿಂದ ಅದು ಸಾಗಿದ ದಾರಿಯಲ್ಲೇ ಶಿಖರಗಳು ಉಳಿದುಕೊಂಡಿವೆ. ಆ ದಾರಿ ಬಾಗಿದೆ ಅನ್ನುವುದು ನಿಜ. ಆದರೆ ಕೈಯಗಲದ ಕೊಕ್ಕೆಯನ್ನು ಹಿಗ್ಗಿಸಿದರೆ ಚಂದ್ರದ್ರೋಣ ಆಗುತ್ತದೆ ಅಂತ ಮಕ್ಕಳಿಗೆ ಹೇಳಬೇಡಿ.

ಮಲೆನಾಡ ಹುಡುಗ

ಒಂದು ಅನುಮಾನ. ಕೆಸರು ಇನ್ನೂ ಹಸಿಯಾಗಿದ್ದಾಗ ಇಳಿಜಾರಿನಲ್ಲಿ ಜಾರಿದರೂ ಇಂಥ ಸುಕ್ಕು ಬೀಳುತ್ತದಲ್ಲ? ಎಲ್ಲಕ್ಕೂ ಎಫ್1, ಎಫ್2 ಅಂತ ಹೆಸರಿಡಬಹುದಾ?

ಕಲ್ಲುಗೆರೆ

ಒಳ್ಳೆಯ ಪ್ರಶ್ನೆ. ಇದನ್ನು ಕೇಳದೆ ನಂಬರ್ ಹಾಕಿಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಹಸಿ ಕೆಸರು ಜಾರಿದ್ದರೆ ಸುಕ್ಕು ಸಾಮಾನ್ಯವಾಗಿ ಕೆಲವು ಪದರಗಳಲ್ಲಿ ಮಾತ್ರ ಇರುತ್ತದೆ. ಮೇಲಿನ ಪದರ, ಕೆಳಗಿನ ಪದರ ಚಪ್ಪಟೆಯಾಗಿ ಉಳಿದಿರುತ್ತವೆ. ಮೇಷ್ಟ್ರ ಬಂಡೆಯಲ್ಲಿ ಎಲ್ಲ ಗೆರೆಗಳೂ ಒಟ್ಟಿಗೆ ತಿರುಗಿವೆ.

ಪಕ್ಕದಲ್ಲಿ ಪದರು ಪದರಾಗಿ ಬಿಡುವ ಹಸಿರು ಕಲ್ಲು ಇದ್ದರೆ ಅದನ್ನೂ ಲೆನ್ಸ್ ಹಿಡಿದು ನೋಡಬೇಕು. ಮೊದಲ ಸಲ ಮಡಚಿದಾಗ ಚಪ್ಪಟೆ ಖನಿಜಗಳು ಒಂದೇ ಕಡೆಗೆ ಮಲಗುತ್ತವೆ, ಕಲ್ಲು ಆ ಗುಂಟ ಸೀಳುತ್ತದೆ. ಎರಡನೇ ಸಲ ಆ ಸೀಳುಗಳಿಗೇ ನೆರಿಗೆ ಬೀಳುತ್ತದೆ. ಯಾವುದು ಯಾವುದನ್ನು ಬಾಗಿಸಿದೆಯೋ ಅದೇ ನಂತರದ್ದು. ಹಿಂದುಮುಂದು ಹೇಳಲು ನಮಗಿರುವ ಗಟ್ಟಿ ಆಧಾರ ಇದೇ.

ಇನ್ನೊಂದು ಮಾತು. ಮೂರು ಹಂತ ಅಂದರೆ ಮೂರು ಬೇರೆ ಬೇರೆ ಬೆಟ್ಟ ಎದ್ದವು ಅಂತಲ್ಲ. ಒಂದೇ ಒತ್ತಡ ಬಿಡದೆ ಮುಂದುವರಿದರೂ ಮೊದಲು ಆದ ಮಡಿಕೆ ಮತ್ತೆ ಬಾಗಬಹುದು. ಅದರಲ್ಲೂ ಎಫ್1, ಎಫ್2 ಒಂದೇ ದಿಕ್ಕಿನಲ್ಲಿದ್ದಾಗ. ಹಂತ ಅನ್ನುವ ಪದ ನಡುವೆ ದೊಡ್ಡ ಬಿಡುವಿತ್ತು ಅನ್ನಿಸುವಂತೆ ಮಾಡುತ್ತದೆ. ನನಗೆ ಆ ಪದ ಅಷ್ಟು ಹಿಡಿಸುವುದಿಲ್ಲ.

ತರೀಕೆರೆ ಮೇಷ್ಟ್ರು

ತುಂಬ ಥ್ಯಾಂಕ್ಸ್. ಇವತ್ತು ಕ್ಲಾಸಿನಲ್ಲಿ ಪೇಪರ್ ಮಡಚಿಸಿದೆ. ಆ ಹುಡುಗಿ ಅಂಚಿಗೆ ಕೆಂಪು ಸ್ಕೆಚ್ ಪೆನ್ನಿನಿಂದ ಗೆರೆ ಎಳೆದಳು, ಕೊಕ್ಕೆ ಹಾಗೇ ಮೂಡಿತು! ಈ ಶನಿವಾರ ಮತ್ತೆ ಹೋಗುತ್ತೇವೆ. ಏನೇನು ಬರೆದುಕೊಂಡು ಬರಬೇಕು?

ಕಲ್ಲುಗೆರೆ

ಒಂದೇ ಮುಖದ ಫೋಟೋ ಸಾಲದು. ಅದಕ್ಕೆ ಅಡ್ಡವಾಗಿರುವ ಮುಖವನ್ನೂ ತೆಗೆಯಿರಿ. ಎಫ್3 ಇದ್ದರೆ ಕಾಣುವುದು ಅಲ್ಲೇ. ಅಳತೆಗೆ ಒಂದು ಪೆನ್ ಇಡಿ. ಕಲ್ಲು ಒಡೆಯುವುದು ಬೇಡ, ಮುಂದಿನ ವರ್ಷದ ಮಕ್ಕಳೂ ನೋಡಲಿ. ದಿಕ್ಕಿಗೆ ಮಾತ್ರ ಮೊಬೈಲ್ ಕಂಪಾಸ್ ನಂಬಬೇಡಿ. ಕಪ್ಪು ಪಟ್ಟೆಗಳಲ್ಲಿ ಮ್ಯಾಗ್ನೆಟೈಟ್ ಅನ್ನುವ ಅಯಸ್ಕಾಂತದ ಗುಣವಿರುವ ಕಬ್ಬಿಣದ ಖನಿಜ ಇದೆ, ಬಂಡೆಯ ಹತ್ತಿರ ಮುಳ್ಳು ಎತ್ತೆತ್ತಲೋ ತಿರುಗುತ್ತದೆ. ನನ್ನ ಮೊದಲ ವಾರದ ಅಳತೆಗಳೆಲ್ಲ ಹಾಗೇ ಹಾಳಾಗಿದ್ದವು. ಬೆಳಿಗ್ಗೆ ಬೇಗ ಹೋಗಿ, ಸೂರ್ಯ ಯಾವ ಕಡೆ ಇದ್ದಾನೆ, ಗಂಟೆ ಎಷ್ಟು ಅಂತ ಬರೆದುಕೊಳ್ಳಿ. ಉತ್ತರ ಯಾವ ಕಡೆ ಅಂತ ಅದರಿಂದ ನಾನು ಹುಡುಕಿಕೊಡುತ್ತೇನೆ.